ಬತ್ತಿದ ಹೊಳೆಯ ದಡದ ಚಿತ್ರಗಾರ ಆಲ್ಬರ್ಟ್ ನಮಾಟ್ಜಿರ

ಆಸ್ಟ್ರೇಲಿಯಾ ಖಂಡದ ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್ ಎಂಬ ಪಟ್ಟಣವಿದೆ. ಅಲ್ಲಿಂದ ಪಡುವಣ ದಿಕ್ಕಿಗೆ ಸುಮಾರು 80 ಮೈಲು ಹೋದರೆ ಹರ್ಮನ್ಸ್‌ಬರ್ಗ್ ಎಂಬ ಹಳ್ಳಿ ಸಿಕ್ಕುತ್ತದೆ. ಆ ದಾರಿಯನ್ನು ಬೈಸಿಕಲ್ಲಿನ ಮೇಲೆ ತುಳಿದು ಹೋಗುವ ಪ್ರವಾಸಿಗಳು ಈಗಲೂ ಇದ್ದಾರೆ. ಅವರು ಬುತ್ತಿಗಿಂತಲೂ ಹೆಚ್ಚಾಗಿ ಕುಡಿಯುವ ನೀರನ್ನು ಕಟ್ಟಿಕೊಂಡು ಹೊರಡಬೇಕಾಗುತ್ತದೆ. ಬಲಗಡೆಯಲ್ಲಿ ಮೆಕ್‌ಡೊನೆಲ್ ಬೆಟ್ಟಗಳ ಸಾಲು ದಿನವೆಲ್ಲಾ ಅವರ ಜೊತೆಯಲ್ಲೇ ಬರುತ್ತದೆ. ಮುಂಜಾನೆ ಕೆಂಪಾಗಿಯೂ ಮಧ್ಯಾಹ್ನದಲ್ಲಿ ಮಸುಕಾಗಿಯೂ ಹೊತ್ತು ಇಳಿಯುವಾಗ ನೇರಳೆಯಾಗಿಯೂ ತೋರುವ ಆ ಬೆಟ್ಟಗಳನ್ನು ಮೋಟಾರಿನಲ್ಲಿ ಓಡುವವರು ಕಂಡರೂ ಕಾಣದವರಂತೆಯೇ ಸರಿ. ಬೈಸಿಕಲ್ ಸವಾರನಿಗೆ ಮಾತ್ರ ಬಣ್ಣ ಬದಲಾಗುವುದು ತಿಳಿಯುತ್ತದೆ. ಹಳ್ಳಿ ಹತ್ತಿರವಾದಂತೆ ಖರ್ಜೂರದ ಮರಗಳೂ, ಸುಣ್ಣ ಬಳಿದ ಕಲ್ಲುಗೋಡೆಯ ಮನೆಗಳೂ, ಅವುಗಳ ಮಧ್ಯದಲ್ಲಿ ಒಂದು ಚಿಕ್ಕ ದೇವಾಲಯವೂ ಕಣ್ಣಿಗೆ ಬೀಳುತ್ತವೆ. ಊರಿನ ಮಗ್ಗುಲಲ್ಲಿ ಹರಿಯುವದು ಫಿಂಕ್ ಎಂಬ ಹೊಳೆ. ಹರಿಯುವದು ಎಂದು ಬರೆದೆವಷ್ಟೇ. ವರುಷದ ಹೆಚ್ಚಿನ ಕಾಲದಲ್ಲಿ ಅದು ಬರೀ ಮರಳು. ಆ ಸೀಮೆಯ ಅರೆಂಟೆ ಜನರು ಅದನ್ನು ಲಾರಪಿಂಟ ಎಂದು ಕರೆಯುತ್ತಾರೆ.

ನಾವೂ ಬೈಸಿಕಲ್ಲಿನ ಮೇಲೆ ಹಳ್ಳಿಯಿಂದ ಹಳ್ಳಿಗೆ ಸುತ್ತುವವರಾದದರಿಂದ ಇಂಥ ಪ್ರಯಾಣದ ವೃತ್ತಾಂತಗಳನ್ನು ಆಸೆಯಿಂದ ಓದುವದುಂಟು. ಆದರೆ ಆ ಪ್ರವಾಸಿಗಳಲ್ಲಿ ಅನೇಕರು ಬಿಳೀ ಗೋಡೆಗಳನ್ನು ಹೊಗಳಿ, ಆ ಗೋಡೆಗಳ ನಡುವೆ ಬೆಳೆದ ಮನುಷ್ಯನ ವಿಷಯದಲ್ಲಿ ಒಂದೆರಡು ಮಾತಿಗೇ ನಿಲ್ಲಿಸಿಬಿಡುತ್ತಾರೆ. ಆತನ ಜೀವನವನ್ನು ನಮ್ಮ ಸಭೆಗಳವರು ತಿಳಿಯುವದು ಒಳ್ಳೇದೆಂದು ತೋರಿದ್ದರಿಂದ ಅದನ್ನು ಇಲ್ಲಿ ಬರೆಯುತ್ತೇವೆ.

ಮೊದಲು ಆ ಊರಿನ ವಿಷಯವಾಗಿ ಸ್ವಲ್ಪ ಹೇಳಬೇಕು. ಜರ್ಮನಿ ದೇಶದ ಹರ್ಮನ್ಸ್‌ಬರ್ಗ್ ಎಂಬ ಊರಿನ ಮಿಶನ್ ಶಾಲೆಯಲ್ಲಿ ಕಲಿತ ಕೆಂಪೆ, ಶ್ವಾರ್ಟ್ಸ್ ಎಂಬ ಇಬ್ಬರು ಲೂಥರನ್ ಬೋಧಕರು 1875ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಿಂದ ಕುರಿದನಗಳನ್ನೂ ಕುದುರೆಬಂಡಿಗಳನ್ನೂ ಹೊಡೆದುಕೊಂಡು ಹೊರಟು, ನೀರಿಲ್ಲದ ಸ್ಥಳಗಳಲ್ಲಿ ತಿಂಗಳುಗಟ್ಟಲೆ ತಡೆದು, 1877ರ ಜೂನ್ ತಿಂಗಳಲ್ಲಿ ಈ ಹೊಳೆಯ ದಡಕ್ಕೆ ತಲಪಿದರು. ತಮ್ಮ ಶಾಲೆಯ ಊರಿನ ಹೆಸರನ್ನೇ ಇದಕ್ಕೆ ಇಟ್ಟರು. ಆ ಸ್ಥಳಕ್ಕೆ ಅದಕ್ಕಿಂತ ಮುಂಚೆಯೇ ಎಣಿಸಲಾಗದಷ್ಟು ಕಾಲದಿಂದ ಂಟಾರಿಯ ಎಂಬ ಹೆಸರಿತ್ತು. ದೇಹಸ್ಥಿತಿ ಕೆಟ್ಟು ಮೊದಲಿನವರು 1891ರೊಳಗೆ ಹಿಂತಿರುಗಿದ ಮೇಲೆ, 1894ರಲ್ಲಿ ಕಾರ್ಲ್ ಸ್ಟ್ರೆಲೋ ಅಯ್ಯನವರು ಬಂದರು. ಅವರು ಅರೆಂಟೆ ಭಾಷೆಯನ್ನು ಚೆನ್ನಾಗಿ ಕಲಿತು, ಆ ಜನರ ಕಥೆಗಳನ್ನೂ ಪದ್ಧತಿಗಳನ್ನೂ ದೊಡ್ಡ ಗ್ರಂಥವಾಗಿ ಬರೆದಿಟ್ಟರು. ಈಗ ಪ್ರವಾಸಿಗಳು ನೋಡುವ ದೇವಾಲಯವು 1897ರಲ್ಲಿ ಅವರ ಕಾಲದಲ್ಲಿ ಕಟ್ಟಿ ಮುಗಿದದ್ದು. ಹತ್ತಿರದ ಕಲ್ಲು, ಅಲ್ಲೇ ಸುಟ್ಟ ಸುಣ್ಣ, ಮರಳುಗಾಡಿನ ಮರದ ತೊಲೆ, ಇವುಗಳಿಂದಲೇ ಆ ಕಟ್ಟಡಗಳೆಲ್ಲಾ ಎದ್ದವು. ಅವುಗಳಿಗೆ ಕಲ್ಲು ಹೊತ್ತವರು ಅರೆಂಟೆಯವರು.

ಈ ಊರಲ್ಲಿ 1902ರ ಜುಲೈ 28ರಂದು ನಮಾಟ್ಜಿರ ಎಂಬವನಿಗೂ ಆತನ ಹೆಂಡತಿಯಾದ ಲ್ಯುಕುಟಳಿಗೂ ಒಬ್ಬ ಮಗನು ಹುಟ್ಟಿದನು. ಅವನಿಗೆ ಏಲಿಯ ಎಂದು ಹೆಸರಿಟ್ಟರು. 1905ರಲ್ಲಿ ತಂದೆತಾಯಿಗಳು ಸಭೆಯಲ್ಲಿ ಸೇರಿದಾಗ ತಂದೆಗೆ ಯೋನಾತಾನನೆಂದೂ ತಾಯಿಗೆ ಎಮಿಲಿಯೆಂದೂ ಮಗುವಿಗೆ ಆಲ್ಬರ್ಟ್ ಎಂದೂ ದೀಕ್ಷಾಸ್ನಾನದಲ್ಲಿ ಹೆಸರಾಯಿತು. ಅಲ್ಲಿನ ಕಟ್ಟಳೆಯ ಪ್ರಕಾರ ಹುಡುಗನು ತಂದೆತಾಯಿಗಳನ್ನು ಬಿಟ್ಟು ಹುಡುಗರ ವಸತಿಗೃಹದಲ್ಲಿ ಇದ್ದುಕೊಂಡು ಮಿಶನ್ ಶಾಲೆಯಲ್ಲಿ ಓದಿದನು. ಮಕ್ಕಳನ್ನು ಮನೆಯವರಿಂದ ಬೇರೆ ಮಾಡುವ ಈ ಕ್ರಮವನ್ನು ನಡಿಸಿದವರು ಅವರ ಹಿತವನ್ನೇ ಎಣಿಸಿದರೆಂಬದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ತನ್ನ ಊರಲ್ಲೇ ಇದ್ದು ತಾಯಿಯ ಒಲೆಯ ಬಳಿ ಮಲಗಲಾರದ ಮಗುವಿನ ಮನಸ್ಸನ್ನು ನೆನಸಿದರೆ ಅದನ್ನು ಹೊಗಳಲು ನಮ್ಮ ಲೇಖನಿಯು ಓಡುವದಿಲ್ಲ.

ಹುಡುಗನು ದನದ ಹಟ್ಟಿಯನ್ನೂ ಕುದುರೆ ಸವಾರರನ್ನೂ ಬೇಟೆಗಾರರನ್ನೂ ಕಂಡ ಕಂಡಲ್ಲಿ ಗೀಚುತ್ತಿದ್ದನು. ಹದಿಮೂರನೆಯ ವಯಸ್ಸಿನಲ್ಲಿ ಕುಲದ ಹಿರಿಯರು ಅವನನ್ನು ಆರು ತಿಂಗಳು ಕಾಡಿಗೆ ಕರೆದುಕೊಂಡು ಹೋಗಿ, ತಮ್ಮ ಕಟ್ಟಳೆಗಳನ್ನೂ, ಯಾವ ಬೆಟ್ಟ ಯಾವ ಪೂರ್ವಿಕನದು, ಯಾವ ನೀರುಗುಂಡಿಗೆ ಯಾವ ಕಥೆ ಸೇರಿದ್ದು ಎಂಬದನ್ನೂ ಕಲಿಸಿದರು. ಹೀಗೆ ಅವನಿಗೆ ಎರಡು ಶಾಲೆಗಳಾದವು. ಮುಂದೆ ಆತನ ಜೀವಮಾನವೆಲ್ಲಾ ಈ ಎರಡರ ನಡುವೆಯೇ ಕಳೆಯಿತು.

ಹದಿನೆಂಟನೆಯ ವಯಸ್ಸಿನಲ್ಲಿ ಆತನು ಇಲ್ಕಲಿಟ ಎಂಬ ಕುಕಾಚ ಕುಲದ ಹುಡುಗಿಯನ್ನು ಮದುವೆಯಾದನು. ನಮ್ಮ ಸೀಮೆಯಲ್ಲಿ ಬಳಿ, ಬೆಡಗು ನೋಡುವಂತೆ ಅವರಲ್ಲಿಯೂ ಯಾವ ಬಳಿಯವರು ಯಾವ ಬಳಿಯಿಂದ ಹೆಣ್ಣು ತರಬೇಕೆಂಬ ಕಟ್ಟುನಿಟ್ಟಾದ ನಿಯಮವಿದೆ. ಈ ಮದುವೆಯು ಅದಕ್ಕೆ ಹೊಂದಲಿಲ್ಲವಾದದರಿಂದ ದಂಪತಿಗಳು ಕೆಲವು ವರುಷ ಊರುಬಿಟ್ಟು ಇರಬೇಕಾಯಿತು. 1923ರಲ್ಲಿ ಹಿಂತಿರುಗಿದರು. ಇಲ್ಕಲಿಟಳು ದೀಕ್ಷಾಸ್ನಾನ ಹೊಂದಿ ರೂಬಿನಾ ಎನಿಸಿಕೊಂಡಳು. ಅವರ ಮಕ್ಕಳಲ್ಲಿ ಐದು ಮಂದಿ ಗಂಡು, ಮೂರು ಮಂದಿ ಹೆಣ್ಣು ಬದುಕಿ ಬೆಳೆದರು. ಹೊಟ್ಟೆಪಾಡಿಗಾಗಿ ಆಲ್ಬರ್ಟನು ಕಮ್ಮಾರಿಕೆ, ಬಡಗಿ ಕೆಲಸ, ದನ ಕಾಯುವದು, ಒಂಟೆ ಹೊಡೆಯುವದು, ಎಲ್ಲವನ್ನೂ ಮಾಡಿದನು. ಆ ಒಂಟೆಗಳ ವಂಶವೂ ನಮ್ಮ ಕಡೆಯದೇ. 1866ರ ಸುಮಾರಿಗೆ ಕರಾಚಿ ಬಂದರಿನಿಂದ ನೂರಕ್ಕೂ ಹೆಚ್ಚು ಒಂಟೆಗಳನ್ನು ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಇಳಿಸಿದ್ದರು, ಅವುಗಳೊಡನೆ ಮಾವುತರಂತೆ ಅವುಗಳನ್ನು ನಡಿಸುವವರೂ ಹೋಗಿದ್ದರು.

1926ರಲ್ಲಿ ಫ್ರೀಡ್ರಿಕ್ ಆಲ್ಬ್ರೆಕ್ಟ್ ಅಯ್ಯನವರು ಊರಿನ ಮೇಲ್ವಿಚಾರಕರಾಗಿ ಬಂದರು. ಬಂದವರನ್ನು ಎದುರುಗೊಂಡದ್ದು ಬರಗಾಲ. ಮಳೆಯು ಮೂರು ನಾಲ್ಕು ವರುಷ ಕೈಕೊಟ್ಟಿತು. ಹಸುರು ಪದಾರ್ಥವಿಲ್ಲದೆ ಬರೀ ಹಿಟ್ಟನ್ನು ತಿಂದ ಜನರಿಗೆ ಸ್ಕರ್ವಿ ಎಂಬ ರೋಗವು ಬಂದು, ಒಸಡುಗಳು ಕೊಳೆತು, ಕಾಲುಗಳು ಸೆಡೆದು, ಬಹು ಮಂದಿ ಸತ್ತರು. ಸತ್ತವರಲ್ಲಿ ಕೂಸುಗಳೇ ಹೆಚ್ಚು. ಕೆಲವು ಮೈಲು ದೂರದ ಕುಪ್ರಿಲ್ಯ ಎಂಬ ಬೆಟ್ಟದಲ್ಲಿ ಬತ್ತದ ಊಟೆ ಇತ್ತು, ಆದರೆ ಅಲ್ಲಿಂದ ಕೊಳವೆ ಹಾಕಿಸಲು ಹಣವಿರಲಿಲ್ಲ. ಆಗ ಆ ಸ್ಥಳವನ್ನು ನೋಡಹೋಗಿದ್ದ ಊನಾ ಟೀಗ್, ವಯಲೆಟ್ ಟೀಗ್ ಎಂಬ ಮೆಲ್ಬರ್ನಿನ ಅಕ್ಕತಂಗಿಯರು ತಮ್ಮ ಊರಿನ ಚಿತ್ರಗಾರರಿಂದ ಚಿತ್ರಗಳನ್ನು ದಾನವಾಗಿ ಬೇಡಿ, ಮಾರಿ, ಹಣ ಕೂಡಿಸಿದರು. ಊರಿನ ಗಂಡಸರು ಬಂಡೆನೆಲದಲ್ಲಿ ಕಾಲುವೆ ತೋಡಿದರು. 1935ರಲ್ಲಿ ಕೊಳವೆಯಿಂದ ನೀರು ಬಂತು, ತರಕಾರಿ ತೋಟವಾಯಿತು, ಸ್ಕರ್ವಿ ಹೋಯಿತು. ಆ ದಿನವನ್ನು ಊರವರು ಹಬ್ಬವಾಗಿ ಆಚರಿಸುತ್ತಾ ಬಂದಿದ್ದಾರೆ. ಚಿತ್ರವೆಂಬದು ಹೊಟ್ಟೆ ತುಂಬಿದವರ ಆಟವೆಂದು ನಮ್ಮಲ್ಲಿ ಹೇಳುವವರುಂಟು. ಹರ್ಮನ್ಸ್‌ಬರ್ಗಿನಲ್ಲಿ ನೀರನ್ನು ತಂದದ್ದೇ ಚಿತ್ರಗಳು.

ಅದೇ ಕಾಲದಲ್ಲಿ ರೆಕ್ಸ್ ಬಾಟರ್ಬಿ ಎಂಬ ಇನ್ನೊಬ್ಬ ಚಿತ್ರಗಾರರೂ ಆ ಸೀಮೆಗೆ ಬರುತ್ತಿದ್ದರು. ಮೊದಲನೇ ಮಹಾಯುದ್ಧದಲ್ಲಿ ಗಾಯಗೊಂಡು ಒಂದು ಕೈಯ ಬಲ ಕುಂದಿದ್ದ ಇವರು ನೀರಿನ ಬಣ್ಣದಲ್ಲಿ ಬೆಟ್ಟ ಬಯಲುಗಳನ್ನು ಬರೆಯುತ್ತಿದ್ದರು. 1934ರಲ್ಲಿ ಅವರು ಆ ಚಿತ್ರಗಳನ್ನು ಊರವರಿಗಾಗಿ ಪ್ರದರ್ಶಿಸಿದರು. ತಮ್ಮ ಬೆಟ್ಟಗಳನ್ನೇ ಕಾಗದದ ಮೇಲೆ ಕಂಡು ಜನರು ಬೆರಗಾದರು. ಆಲ್ಬರ್ಟನು ಅಷ್ಟರಲ್ಲೇ ಅಯ್ಯನವರ ಪ್ರೋತ್ಸಾಹದಿಂದ ಮುಲ್ಗಾ ಎಂಬ ಮರದ ಹಲಗೆಗಳ ಮೇಲೆ ಕಾದ ಕಬ್ಬಿಣದಿಂದ ಚಿತ್ರ ಬರೆದು ಮಾರುತ್ತಿದ್ದನು. ಬಾಟರ್ಬಿಯವರ ಚಿತ್ರಗಳಿಗೆ ಎಷ್ಟು ಹಣ ಬರುತ್ತದೆಂದು ಆತನು ಕೇಳಿ ತಿಳಿದುಕೊಂಡನು; ಇದು ನನ್ನಿಂದಲೂ ಆಗುತ್ತದೆಂದು ಅಯ್ಯನವರಿಗೆ ಹೇಳಿದನು. ಮನೆ ತುಂಬಾ ಮಕ್ಕಳಿರುವವನು ಮೊದಲು ಬೆಲೆಯನ್ನು ವಿಚಾರಿಸಿದರೆ ಅದರಲ್ಲಿ ನಾಚಿಕೆಗೆ ಕಾರಣವಿಲ್ಲ.

1936ರಲ್ಲಿ ಬಾಟರ್ಬಿಯವರು ಮತ್ತೆ ಬಂದಾಗ, ಆಲ್ಬರ್ಟನು ಅವರ ಒಂಟೆಗಳನ್ನು ನಡಿಸುವದೆಂದೂ ಅದಕ್ಕೆ ಬದಲಾಗಿ ಅವರು ಬಣ್ಣ ಹಾಕುವದನ್ನು ಕಲಿಸುವದೆಂದೂ ಗೊತ್ತಾಯಿತು. ಪಾಮ್ ಕಣಿವೆಯಲ್ಲಿ ಒಂದು ತಿಂಗಳು, ಮೆಕ್‌ಡೊನೆಲ್ ಬೆಟ್ಟಗಳಲ್ಲಿ ಒಂದು ತಿಂಗಳು, ಹೀಗೆ ಎರಡು ತಿಂಗಳಲ್ಲಿ ಪಾಠವು ಮುಗಿಯಿತು. ಬಣ್ಣವನ್ನು ಹೇಗೆ ನೀರಿನಲ್ಲಿ ತೆಳುವಾಗಿಸಬೇಕು, ದೂರದ್ದನ್ನು ಹೇಗೆ ದೂರವಾಗಿ ತೋರಿಸಬೇಕು ಎಂಬದನ್ನು ಗುರುವು ಕಲಿಸಿದರು. ಆದರೆ ಆ ಬೆಟ್ಟದ ಮೈಯಲ್ಲಿ ಯಾವ ಗಳಿಗೆಯಲ್ಲಿ ಯಾವ ಬಣ್ಣ ಏರುತ್ತದೆಂಬದನ್ನು ಶಿಷ್ಯನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಶಿಷ್ಯನಿಂದ ತಾವೇ ಕಲಿಯಬೇಕಾದದ್ದುಂಟೆಂದು ಗುರುಗಳು ಒಪ್ಪಿಕೊಂಡರೆಂಬದು ಅವರ ದೊಡ್ಡ ಗುಣ.

1937ರಲ್ಲಿ ಆಲ್ಬ್ರೆಕ್ಟ್ ಅಯ್ಯನವರು ಆತನ ಹತ್ತು ಚಿತ್ರಗಳನ್ನು ನೂರಿಯೂಟ್ಪ ಎಂಬ ಊರಲ್ಲಿ ಕೂಡಿದ್ದ ಲೂಥರನ್ ಸಭೆಗಳ ಮಹಾಕೂಟದಲ್ಲಿ ತೋರಿಸಿದರು. ಮರುವರುಷ ಮೆಲ್ಬರ್ನಿನಲ್ಲಿ ಆತನದೇ ಪ್ರದರ್ಶನವಾಯಿತು. 41 ಚಿತ್ರಗಳಿದ್ದವು, ಮೂರು ದಿನಗಳಲ್ಲಿ ಒಂದೂ ಉಳಿಯದೆ ಎಲ್ಲಾ ಮಾರಿಹೋದವು. 1939ರಲ್ಲಿ ಅಡಿಲೇಡಿನ ಸರಕಾರೀ ಚಿತ್ರಶಾಲೆಯವರು ಒಂದು ಚಿತ್ರವನ್ನು ಕೊಂಡುಕೊಂಡರು. ಮೊದಲು ಆತನು ಆಲ್ಬರ್ಟ್ ಎಂದಷ್ಟೇ ಸಹಿ ಹಾಕುತ್ತಿದ್ದನು. ಬಳಿಕ ತಂದೆಯ ಹೆಸರನ್ನು ಕೂಡಿಸಿ ಆಲ್ಬರ್ಟ್ ನಮಾಟ್ಜಿರ ಎಂದು ಬರೆಯತೊಡಗಿದನು. ಆ ಹೆಸರು ಆಸ್ಟ್ರೇಲಿಯಾದ ಮನೆಮನೆಗೂ ಗೊತ್ತಾಯಿತು. ಆತನ ಚಿತ್ರಗಳ ಅಚ್ಚುಪ್ರತಿಗಳು ಎಷ್ಟೋ ಮನೆಗಳ ಗೋಡೆಗಳ ಮೇಲೆ ತೂಗಿದವು.

ಚಿತ್ರಗಳಲ್ಲಿ ಏನಿತ್ತು? ಮುಂದುಗಡೆ ಸಾಮಾನ್ಯವಾಗಿ ಒಂದು ಮರ. ನಮ್ಮ ನೀಲಗಿರಿ ಮರದ ಜಾತಿಯದು, ತೊಗಟೆಯು ಸುಣ್ಣ ಬಳಿದಷ್ಟು ಬೆಳ್ಳಗೆ. ಅದರಾಚೆ ಒಣಹುಲ್ಲಿನ ಬಯಲು, ಅದರಾಚೆ ನೀಲಿಯೂ ನೇರಳೆಯೂ ಆದ ಬೆಟ್ಟಗಳು. ಪಟ್ಟಣದ ಪಂಡಿತರಲ್ಲಿ ಕೆಲವರು ಇದು ಬಿಳಿಯರ ರೀತಿಯ ಬರೀ ಅನುಕರಣವೆಂದು ತಾತ್ಸಾರ ಮಾಡಿದರು. ಕಾಲ ಕಳೆದ ಮೇಲೆ ಬೇರೆ ಪಂಡಿತರು ಅವುಗಳನ್ನು ಮತ್ತೆ ನೋಡಿ, ಆತನು ಬರೆದದ್ದು ಕಂಡ ಕಂಡ ಬೆಟ್ಟಗಳನ್ನಲ್ಲ, ಹಿರಿಯರು ತನಗೆ ಒಪ್ಪಿಸಿದ್ದ ಸೀಮೆಯನ್ನು, ತಂದೆತಾಯಿಗಳ ನೆಲವನ್ನು ಎಂದು ತಿಳಿದುಕೊಂಡರು. ಮರಗಳೂ ಬಂಡೆಗಳೂ ಆತನಿಗೆ ನೆಂಟರಂತಿದ್ದವು. ಬಿಳಿಯರಿಂದ ಕಲಿತ ಕೈಯಿಂದ ಆತನು ಹಿರಿಯರಿಂದ ಕಲಿತ ಪಾಠವನ್ನು ಒಪ್ಪಿಸುತ್ತಿದ್ದನು. ಕೊಳ್ಳುವವರಿಗೆ ಇದು ಗೊತ್ತಿರಲಿಲ್ಲ, ಆತನೂ ಬಿಡಿಸಿ ಹೇಳುವವನಲ್ಲ.

ಹಣ ಬಂತು. ಅರೆಂಟೆಯವರಲ್ಲಿ ಬೇಟೆಯನ್ನು ಕೊಂದವನು ಮಾಂಸವನ್ನು ತಾನೇ ಇಟ್ಟುಕೊಳ್ಳುವದಿಲ್ಲ. ಯಾವ ತುಂಡು ಯಾವ ನೆಂಟನಿಗೆ ಎಂಬ ಲೆಕ್ಕವಿರುತ್ತದೆ. ಆಲ್ಬರ್ಟನು ಹಣವನ್ನೂ ಹಾಗೆಯೇ ಎಣಿಸಿದನು. ಟ್ರಕ್ಕನ್ನು ಕೊಂಡರೆ ಅದು ಎಲ್ಲರ ಟ್ರಕ್ಕು, ಹಿಟ್ಟನ್ನು ಕೊಂಡರೆ ಎಲ್ಲರ ಹಿಟ್ಟು. ಚಿತ್ರ ಬರೆಯುವ ವಿದ್ಯೆಯನ್ನೂ ಬಚ್ಚಿಡಲಿಲ್ಲ. ಈನೋಸ್, ಆಸ್ಕರ್, ಎವಾಲ್ಡ್, ಕೀತ್, ಮಾರಿಸ್ ಎಂಬ ಐವರು ಗಂಡುಮಕ್ಕಳೂ, ಪರೆರೌಲ್ಟ್ಯ ಮನೆತನದ ಅಣ್ಣತಮ್ಮಂದಿರೂ, ಇತರರೂ ಕುಂಚ ಹಿಡಿದು, ಹರ್ಮನ್ಸ್‌ಬರ್ಗಿನ ಚಿತ್ರಗಾರರೆಂಬ ಒಂದು ಬಳಗವೇ ಹುಟ್ಟಿತು. ಇಷ್ಟೆಲ್ಲಾ ಹಂಚಿಯೂ ಆತನು 1940ರ ದಶಕದ ನಡುವೆ ಹಳ್ಳಿಯಿಂದ ಸ್ವಲ್ಪ ದೂರದಲ್ಲಿ ಎರಡು ಕೋಣೆಯ ಒಂದು ಮನೆಯನ್ನು ತನ್ನ ಸಂಪಾದನೆಯಿಂದ ಕಟ್ಟಿಕೊಂಡನು.

ಇಲ್ಲಿಂದ ಮುಂದಿನದನ್ನು ಬರೆಯುವದು ನಮಗೆ ಕಷ್ಟ. ಆತನು ದನ ಸಾಕುವದಕ್ಕಾಗಿ ಹುಲ್ಲುಗಾವಲಿನ ಪರವಾನಗಿ ಕೇಳಿದನು, ಕೊಡಲಿಲ್ಲ. 1951ರಲ್ಲಿ ಆಲಿಸ್ ಸ್ಪ್ರಿಂಗ್ಸಿನಲ್ಲಿ ಮನೆ ಕಟ್ಟಬೇಕೆಂದಿದ್ದನು. ಅವನ ಜನರು ಆ ಪಟ್ಟಣದಲ್ಲಿ ರಾತ್ರಿ ತಂಗಕೂಡದೆಂಬ ಕಾನೂನಿದ್ದದರಿಂದ ಅದೂ ಆಗಲಿಲ್ಲ. 1953ರಲ್ಲಿ ರಾಣಿಯ ಪಟ್ಟಾಭಿಷೇಕದ ಪದಕವು ಆತನಿಗೆ ದೊರಕಿತು. 1954ರಲ್ಲಿ ವಿಮಾನದಲ್ಲಿ ಕರೆದೊಯ್ದು ಕ್ಯಾನ್‌ಬೆರಾ ನಗರದಲ್ಲಿ ಎಲಿಜಬೆತ್ ರಾಣಿಯವರಿಗೆ ಪರಿಚಯ ಮಾಡಿಸಿದರು. ಹಿಂದೆ ಬಂದು ಪಟ್ಟಣದ ಹೊರಗಿನ ಮಾರಿಸ್ ಸೋಕ್ ಎಂಬ ಬತ್ತಿದ ಹಳ್ಳದ ಬದಿಯಲ್ಲಿ ಗುಡಿಸಲು ಹಾಕಿಕೊಂಡು ಇದ್ದನು. 1956ರಲ್ಲಿ ವಿಲಿಯಮ್ ಡಾರ್ಗಿ ಎಂಬ ಚಿತ್ರಗಾರರು ಬರೆದ ಆತನ ಮುಖಚಿತ್ರಕ್ಕೆ ಆರ್ಚಿಬಾಲ್ಡ್ ಬಹುಮಾನ ಬಂತು. ಆತನ ಮುಖವು ನಗರದ ಚಿತ್ರಶಾಲೆಯಲ್ಲಿ ತೂಗುತ್ತಿರುವಾಗ ಆತನು ಹಳ್ಳದ ಬದಿಯಲ್ಲೇ ಇದ್ದನು.

1957ರಲ್ಲಿ ಉತ್ತರ ಪ್ರಾಂತದ ಸರಕಾರವು ಮೂಲನಿವಾಸಿಗಳನ್ನೆಲ್ಲಾ ಸರಕಾರದ ಪಾಲನೆಗೆ ಒಳಪಟ್ಟವರೆಂದು ಒಂದು ಪಟ್ಟಿಯಲ್ಲಿ ಬರೆಯಿಸಿತು. ಬೆಳೆದ ಗಂಡಸರನ್ನೂ ಹೆಂಗಸರನ್ನೂ ಮೈನೆರೆಯದ ಮಕ್ಕಳಂತೆ ಎಣಿಸುವ ಪಟ್ಟಿ ಅದು. ಆಲ್ಬರ್ಟ್ ಮತ್ತು ರೂಬಿನಾ ಇವರ ಹೆಸರುಗಳನ್ನು ಅದರಲ್ಲಿ ಸೇರಿಸದೆ ಬಿಟ್ಟರು. ಪತ್ರಿಕೆಗಳು ಇದನ್ನು ಪೂರ್ಣ ಪೌರತ್ವವೆಂದು ಕೊಂಡಾಡಿದವು. ಮತ ಹಾಕಬಹುದು, ಇಷ್ಟಬಂದಲ್ಲಿ ವಾಸಿಸಬಹುದು, ಮದ್ಯವನ್ನು ಕೊಳ್ಳಬಹುದು. ಆದರೆ ಆತನ ಬೆಳೆದ ಮಕ್ಕಳು ಪಟ್ಟಿಯಲ್ಲಿದ್ದರು, ನೆಂಟರೆಲ್ಲಾ ಪಟ್ಟಿಯಲ್ಲಿದ್ದರು. ಅವರೊಡನೆ ಕುಳಿತು ತಾನು ಕೊಂಡದ್ದನ್ನು ಹಂಚಿಕೊಂಡರೆ ಅದು ಅಪರಾಧ.

ಹೆಂಡಸಾರಾಯಿಯಿಂದ ಮನೆಗಳು ಹಾಳಾಗುವದನ್ನು ನಾವು ವರುಷಂಪ್ರತಿ ನಮ್ಮ ಹಳ್ಳಿಗಳಲ್ಲಿ ನೋಡುವವರು. ಕುಡಿತದ ಪರವಾಗಿ ಒಂದು ಅಕ್ಷರವನ್ನೂ ಬರೆಯುವದಿಲ್ಲ. ಆಲ್ಬರ್ಟನು ಆ ವರುಷಗಳಲ್ಲಿ ಕುಡಿತಕ್ಕೆ ಬಿದ್ದಿದ್ದನೆಂಬದೂ, ಮಾರಿಸ್ ಸೋಕಿನ ಬಿಡಾರದಲ್ಲಿ ಕುಡಿತದ ನಡುವೆ ಒಬ್ಬ ಹೆಂಗಸು ಕೊಲೆಯಾದಳೆಂಬದೂ ನಿಜ. ಅದರ ಬಳಿಕ 1958ರಲ್ಲಿ, ತನ್ನ ಬಂಧುವೂ ಜೊತೆಯ ಚಿತ್ರಗಾರನೂ ಆದ ಹೇನೋಕ್ ರಬೆರಾಬ ಎಂಬವನಿಗೆ ಮದ್ಯ ಒದಗಿಸಿದನೆಂದು ಆತನ ಮೇಲೆ ಮೊಕದ್ದಮೆ ಹೂಡಿದರು. ಆರು ತಿಂಗಳ ಸೆರೆಯ ತೀರ್ಪಾಯಿತು. ದೇಶದಲ್ಲೆಲ್ಲಾ ಗದ್ದಲವೆದ್ದಿತು. ಮೇಲಿನ ನ್ಯಾಯಾಲಯವು ಶಿಕ್ಷೆಯನ್ನು ಮೂರು ತಿಂಗಳಿಗೆ ಇಳಿಸಿತು, ಅದಕ್ಕೂ ಮೇಲಿನದು ಅರ್ಜಿಯನ್ನು ತಳ್ಳಿಬಿಟ್ಟಿತು. ಕುಡಿಸಿದ್ದು ತಪ್ಪೆಂದು ನಾವೂ ಹೇಳುತ್ತೇವೆ. ಆದರೆ ಆ ತೀರ್ಪಿನ ಬೇರು ಬಾಟ್ಲಿಯಲ್ಲಿ ಇರಲಿಲ್ಲ. ಒಬ್ಬ ಮನುಷ್ಯನನ್ನು ಆತನ ಕುಲದಿಂದ ಎತ್ತಿ ಬೇರೆ ಪಂಕ್ತಿಯಲ್ಲಿ ಕುಳ್ಳಿರಿಸಿ, ಹಳೆಯ ಪಂಕ್ತಿಯವರಿಗೆ ಎಲೆಯಿಂದ ಒಂದು ತುತ್ತನ್ನೂ ಕೊಡಕೂಡದೆಂದು ಹೇಳಿದ್ದರು. ತುತ್ತನ್ನು ಕೊಡುವದೇ ಆತನ ಮನೆಯ ಧರ್ಮವಾಗಿತ್ತು. ನಮ್ಮ ಸಭೆಗಳಲ್ಲಿಯೂ ಓದಿ ಉದ್ಯೋಗ ಹಿಡಿದ ಮಗನು ಊರಿಗೆ ಬಂದಾಗ ತಾಯಿಯ ಜಗಲಿಯಲ್ಲಿ ಕೂಡ್ರಲು ಹಿಂಜರಿಯುವದನ್ನು ಕಂಡಿದ್ದೇವೆ. ಅಲ್ಲಿ ಆ ಹಿಂಜರಿತವನ್ನು ಕಾನೂನೇ ಕಲಿಸಲು ನೋಡಿತು, ಆಲ್ಬರ್ಟನು ಕಲಿಯಲಿಲ್ಲ.

ಮಂತ್ರಿಗಳ ಅಪ್ಪಣೆಯಿಂದ ಆತನನ್ನು ಸೆರೆಮನೆಗೆ ಹಾಕದೆ ಪಾಪುನ್ಯ ಎಂಬ ಸರಕಾರೀ ವಸತಿಯಲ್ಲಿ ಇರಿಸಿದರು. 1959ರಲ್ಲಿ ಎರಡು ತಿಂಗಳು ಶಿಕ್ಷೆ ಅನುಭವಿಸಿ ಬಿಡುಗಡೆಯಾದನು. ಆದರೆ ಆತನ ಎದೆಯಲ್ಲಿ ಬಲವೂ ಇರಲಿಲ್ಲ, ಚಿತ್ರ ಬರೆಯುವ ಮನಸ್ಸೂ ಉಳಿದಿರಲಿಲ್ಲ. ಅದೇ ವರುಷ ಆಗಸ್ಟ್ 8ರಂದು ಆಲಿಸ್ ಸ್ಪ್ರಿಂಗ್ಸಿನ ಆಸ್ಪತ್ರೆಯಲ್ಲಿ ಹೃದಯರೋಗದಿಂದಲೂ ಕೂಡಿಬಂದ ಶ್ವಾಸಕೋಶದ ಜ್ವರದಿಂದಲೂ ತೀರಿಕೊಂಡನು. ವಯಸ್ಸು 57. ಬರಗಾಲದಲ್ಲಿ ಆತನನ್ನು ಕಂಡಿದ್ದ, ಆತನ ಮೊದಲ ಹಲಗೆಗಳನ್ನು ಕೊಂಡಿದ್ದ ಆಲ್ಬ್ರೆಕ್ಟ್ ಅಯ್ಯನವರೇ ಸಮಾಧಿಯ ಪ್ರಾರ್ಥನೆಯನ್ನು ನಡಿಸಿದರು.

ಆಲ್ಬರ್ಟನು ಸತ್ತು ಎಂಟು ವರುಷವಾದ ಮೇಲೆ, 1967ರಲ್ಲಿ, ಆಸ್ಟ್ರೇಲಿಯಾದ ಜನರು ಮೂಲನಿವಾಸಿಗಳನ್ನೂ ದೇಶದ ಜನಗಣತಿಯಲ್ಲಿ ಎಣಿಸಬೇಕೆಂದು ಬಹುಮತದಿಂದ ಒಪ್ಪಿದರು. ಹರ್ಮನ್ಸ್‌ಬರ್ಗಿನ ನೆಲವನ್ನು 1982ರಲ್ಲಿ ಮಿಶನಿನವರು ಅರೆಂಟೆಯವರಿಗೇ ಹಿಂದಕ್ಕೆ ಒಪ್ಪಿಸಿದರು. ಚಿತ್ರಗಳ ಅಚ್ಚಿನ ಹಕ್ಕು ಮಾತ್ರ ವಾರಸುದಾರರಿಗೆ ಬರಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದ ಸರಕಾರೀ ಅಧಿಕಾರಿಯು 1983ರಲ್ಲಿ ಮನೆಯವರನ್ನು ಕೇಳದೆ 8,500 ಡಾಲರಿಗೆ ಒಂದು ಅಚ್ಚುಕೂಟಕ್ಕೆ ಮಾರಿಬಿಟ್ಟನು. ಮೊಮ್ಮಕ್ಕಳು ಬಹುಕಾಲ ಹೋರಾಡಿದ ಮೇಲೆ 2017ರಲ್ಲಿ ಆ ಹಕ್ಕು ಹಿಂದಕ್ಕೆ ಬಂತು. 2020ರಲ್ಲಿ, 1956ರಲ್ಲಿ ಆಲ್ಬರ್ಟನ ಮುಖಚಿತ್ರಕ್ಕೆ ಸಂದ ಅದೇ ಆರ್ಚಿಬಾಲ್ಡ್ ಬಹುಮಾನವು ಆತನ ಮರಿಮಗನಾದ ವಿನ್ಸೆಂಟ್ ನಮಾಟ್ಜಿರನಿಗೆ, ಆತನು ತಾನೇ ಬರೆದ ಚಿತ್ರಕ್ಕಾಗಿ, ದೊರಕಿತು. ಮೂಲನಿವಾಸಿಗಳಲ್ಲಿ ಆ ಬಹುಮಾನವನ್ನು ಪಡೆದವರಲ್ಲಿ ಆತನೇ ಮೊದಲಿಗನು.

ಬೈಸಿಕಲ್ ಸವಾರರು ಆಲಿಸ್ ಸ್ಪ್ರಿಂಗ್ಸ್ ಬಿಟ್ಟ ಸ್ವಲ್ಪ ಹೊತ್ತಿಗೆ, ಆಲ್ಬರ್ಟನು ಬರೆದ ಎರಡು ಬಿಳೀ ಮರಗಳು ರಸ್ತೆಯ ಬದಿಯಲ್ಲಿ ಜೋಡಿಯಾಗಿ ನಿಂತಿದ್ದವು. 2013ರ ಆರಂಭದಲ್ಲಿ ಅವು ಬೆಂಕಿಗೆ ಸುಟ್ಟುಬಿದ್ದದ್ದು ಕಂಡುಬಂತು. ಎರಡು ಕೋಣೆಯ ಮನೆ ಉಳಿದಿದೆ. ಆ ಬಾಗಿಲಲ್ಲಿ ನಿಂತರೆ ಬೆಟ್ಟಗಳು ಕಾಣುತ್ತವೆ.